ಹಕ್ಕಿ ಕಡಿಮೆಯಾದರೆ ಬೇಟೆ ನಿಲ್ಲಿಸಬೇಕೋ, ಹುಲ್ಲು ಬೆಳೆಸಬೇಕೋ?

ಅಮೆರಿಕದ ಹುಲ್ಲುಗಾವಲು ರಾಜ್ಯಗಳಿಂದ ಬರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಯೋವಾದಲ್ಲಿ ಈಚಿನ ಕೆಲವು ವರ್ಷಗಳಿಂದ ಕೋಳಿ ಜಾತಿಯ ಫೆಸೆಂಟ್ ಹಕ್ಕಿ ಚೆನ್ನಾಗಿದೆ ಎನ್ನುತ್ತಾರೆ. ಅದೇ ಹೊತ್ತಿಗೆ ಬಾಬ್‌ವೈಟ್ ಎಂಬ ಲಾವಕ್ಕಿ 1960ರ ದಶಕದಿಂದ ಇಲ್ಲಿಯವರೆಗೆ ಶೇ 80ಕ್ಕಿಂತ ಜಾಸ್ತಿ ಕಡಿಮೆಯಾಗಿದೆ ಎಂಬ ಲೆಕ್ಕವೂ ಬರುತ್ತದೆ. ಇದರ ನಡುವೆ 2025ರ ಸೆಪ್ಟೆಂಬರ್ 30ಕ್ಕೆ, ರೈತರಿಗೆ ಬಾಡಿಗೆ ಕೊಟ್ಟು ಹೊಲದಲ್ಲಿ ಹುಲ್ಲು ಬೆಳೆಸುವ ಒಂದು ಕೃಷಿ ಕಾರ್ಯಕ್ರಮದ ಅವಧಿ ಮುಗಿಯಿತು. ನವೆಂಬರ್‌ನಲ್ಲಿ ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಇದಕ್ಕಾಗಿ ಜೋರಾಗಿ ದನಿ ಎತ್ತಿದವರಲ್ಲಿ ಬೇಟೆಗಾರರೂ ಇದ್ದರು.

ಹಕ್ಕಿ ಹೊಡೆಯುವವರೇ ಹಕ್ಕಿ ಉಳಿಸಿ ಅನ್ನುತ್ತಾರೆ. ಹಕ್ಕಿ ಕಡಿಮೆಯಾಗಿದ್ದರೂ ಬೇಟೆಯ ಋತು ತೆರೆದೇ ಇರುತ್ತದೆ. ಒಂದು ರಾಜ್ಯದಲ್ಲಿ ಹಬ್ಬ, ಪಕ್ಕದ ರಾಜ್ಯದಲ್ಲಿ ಚಿಂತೆ. ಓದುವವರಿಗೆ ಗೊಂದಲ ಆಗುವುದು ಸಹಜ ಅಲ್ವಾ? ಗೊಂದಲ ಬಿಡಿಸಲು ಒಂದು ವಿಷಯ ಗಮನದಲ್ಲಿ ಇಟ್ಟುಕೊಂಡರೆ ಸಾಕು. ಈ ವರ್ಷ ಎಷ್ಟು ಹಕ್ಕಿ ಇರುತ್ತದೆ ಎನ್ನುವುದನ್ನು ಹವಾಮಾನ ತೀರ್ಮಾನಿಸುತ್ತದೆ. ಒಂದು ನಾಡಿನಲ್ಲಿ ಹೆಚ್ಚೆಂದರೆ ಎಷ್ಟು ಹಕ್ಕಿ ಇರಬಹುದು ಎನ್ನುವುದನ್ನು ಹುಲ್ಲು ತೀರ್ಮಾನಿಸುತ್ತದೆ. ಬಂದೂಕಿನ ಪಾತ್ರ ಇವೆರಡರ ನಂತರ ಬರುತ್ತದೆ. ಆದರೆ ಕೆಲವು ಕಡೆ ಅದೂ ಚಿಕ್ಕದಲ್ಲ.

ಎರಡು ಹಕ್ಕಿ, ಎರಡು ಬಗೆಯ ಬದುಕು

ಫೆಸೆಂಟ್ ಅಮೆರಿಕದ ಮೂಲದ ಹಕ್ಕಿಯಲ್ಲ. ಶಾಂಘೈನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ ಓವನ್ ಡೆನ್ನಿ 1881-82ರಲ್ಲಿ ಚೀನಾದಿಂದ ಕಳಿಸಿದ ಹಕ್ಕಿಗಳು ಒರೆಗಾನ್‌ನಲ್ಲಿ ನೆಲೆಯಾದವು. ಸೌತ್ ಡಕೋಟಾದಲ್ಲಿ 1908ರ ಹೊತ್ತಿಗೆ ಸ್ಪಿಂಕ್ ಕೌಂಟಿಯಲ್ಲಿ ಬಿಟ್ಟ ಹಕ್ಕಿಗಳು ಹಬ್ಬಿದವು. 1919ರಲ್ಲಿ ಅಲ್ಲಿ ಒಂದೇ ಒಂದು ದಿನದ ಮೊದಲ ಬೇಟೆ ಋತು ನಡೆಯಿತು. 1943ರಲ್ಲಿ ಅದು ರಾಜ್ಯದ ಹಕ್ಕಿಯೇ ಆಯಿತು. ಬಾಬ್‌ವೈಟ್ ಮಾತ್ರ ಆ ನೆಲದ್ದೇ ಹಕ್ಕಿ. ಕಾನ್ಸಾಸ್, ಒಕ್ಲಹೋಮಾ, ಟೆಕ್ಸಾಸ್‌ನಿಂದ ಜಾರ್ಜಿಯಾವರೆಗೆ ಅದರ ನಾಡು.

ಬೇಟೆಯ ನಿಯಮ ಎರಡಕ್ಕೂ ಬೇರೆ ಬೇರೆ. ಫೆಸೆಂಟ್‌ನಲ್ಲಿ ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುತ್ತದೆ. ಹಾಗಾಗಿ ಚಳಿಗಾಲಕ್ಕೆ ಮುಂಚೆ ಬಹಳಷ್ಟು ಹುಂಜಗಳನ್ನು ಹೊಡೆದರೂ ಮುಂದಿನ ವಸಂತದಲ್ಲಿ ಗೂಡುಗಳು ಕಡಿಮೆಯಾಗುವುದಿಲ್ಲ. ಈ ರಾಜ್ಯಗಳಲ್ಲಿ ಕಾಡು ಫೆಸೆಂಟ್ ಬೇಟೆ ಎಂದರೆ ಹುಂಜ ಮಾತ್ರ. ಸೌತ್ ಡಕೋಟಾದಲ್ಲಿ ಮತ್ತು ಅಯೋವಾದಲ್ಲಿ ದಿನಕ್ಕೆ ಮೂರು. ಹೇಂಟೆ ಹೊಡೆದರೆ ದಂಡ.

ಲಾವಕ್ಕಿಯಲ್ಲಿ ಈ ಅನುಕೂಲ ಇಲ್ಲ. ಅವು ಚಳಿಗಾಲದಲ್ಲಿ ಹತ್ತು ಹದಿನೈದರ ಹಿಂಡು ಕಟ್ಟಿಕೊಂಡು ಬದುಕುತ್ತವೆ. ರಾತ್ರಿ ಬಾಲ ಒಳಗೆ, ತಲೆ ಹೊರಗೆ ಮಾಡಿ ವೃತ್ತವಾಗಿ ಕೂತು ಒಂದರ ಮೈ ಬಿಸಿಯನ್ನು ಇನ್ನೊಂದು ಹಂಚಿಕೊಳ್ಳುತ್ತವೆ. ಹಿಂಡು ತೀರಾ ಚಿಕ್ಕದಾದರೆ ಈ ವೃತ್ತ ಕೂಡುವುದಿಲ್ಲ. ಚಳಿಗೆ ಉಳಿದವೂ ಸಾಯುತ್ತವೆ. ಗುಂಡು ತಗಲುವಾಗ ಗಂಡು ಹೆಣ್ಣು ಎಂಬ ಭೇದವೂ ಇರುವುದಿಲ್ಲ. ಅದಕ್ಕೇ ಫೆಸೆಂಟ್ ಬಗ್ಗೆ ನಿಜವಾದ ಮಾತು ಲಾವಕ್ಕಿಗೆ ಹಾಗೇ ಅನ್ವಯಿಸುವುದಿಲ್ಲ. ಸುದ್ದಿಗಳಲ್ಲಿ ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ.

ನಾಯಿ ಇಲ್ಲಿ ಏನು ಮಾಡುತ್ತದೆ

ಈ ಬೇಟೆಯ ಜೀವ ಪಾಯಿಂಟಿಂಗ್ ನಾಯಿ. ಇಂಗ್ಲಿಷ್ ಪಾಯಿಂಟರ್, ಸೆಟ್ಟರ್, ಬ್ರಿಟನಿ, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಇದರ ಹೆಸರಾದ ತಳಿಗಳು. ನಾಯಿ ಗಾಳಿಗೆ ಮೂಗು ಕೊಟ್ಟು ಹುಲ್ಲಿನಲ್ಲಿ ಆಚೀಚೆ ಓಡುತ್ತದೆ. ಹಕ್ಕಿಯ ವಾಸನೆ ಸಿಕ್ಕಿದ ಕೂಡಲೇ ಅಲ್ಲೇ ಮರಗಟ್ಟಿ ನಿಲ್ಲುತ್ತದೆ. ಇದಕ್ಕೇ ಪಾಯಿಂಟ್ ಎನ್ನುತ್ತಾರೆ. ಜೊತೆಯ ನಾಯಿ ಅದನ್ನು ನೋಡಿ, ತನಗೆ ವಾಸನೆ ಬರದಿದ್ದರೂ, ತಾನೂ ನಿಲ್ಲುತ್ತದೆ. ಬೇಟೆಗಾರ ನಡೆದು ಹೋಗಿ ಹಕ್ಕಿ ಎಬ್ಬಿಸುತ್ತಾನೆ.

ಲಾವಕ್ಕಿ ಹಿಂಡು ಸಾಮಾನ್ಯವಾಗಿ ಹುಲ್ಲಿನಲ್ಲಿ ಅಡಗಿ ಕೂತಿರುತ್ತದೆ. ಪಾಯಿಂಟ್‌ಗೆ ಹೇಳಿ ಮಾಡಿಸಿದ ಹಕ್ಕಿ ಅದು. ಫೆಸೆಂಟ್ ಹುಂಜ ಹಾಗಲ್ಲ, ಓಡುತ್ತದೆ. ನಾಯಿ ನಿಂತ ಜಾಗದಲ್ಲಿ ಹಕ್ಕಿ ಇರುವುದಿಲ್ಲ. ಮತ್ತೆ ಮೆಲ್ಲಗೆ ಮುಂದೆ ಹೋಗಿ ಮತ್ತೆ ಪಾಯಿಂಟ್ ಹಿಡಿಯುವ ನಾಯಿ ಬೇಕು. ಅಂಥ ನಾಯಿ ತಯಾರಾಗುವುದು ಕಾಡು ಹಕ್ಕಿಯ ಮೇಲೆ ಮಾತ್ರ. ಸಾಕಿ ಬಿಟ್ಟ ಹಕ್ಕಿ ಇದ್ದಲ್ಲೇ ಕೂತಿರುವುದರಿಂದ ನಾಯಿ ಏನೂ ಕಲಿಯುವುದಿಲ್ಲ ಎಂದು ನಾಯಿ ಸಾಕುವವರು ಹೇಳುತ್ತಾರೆ. ಅವರಿಗೆ ಕಾಡು ಹಕ್ಕಿಯೇ ಬೇಕು ಎನ್ನುವುದರ ಹಿಂದೆ ಈ ಕಾರಣವೂ ಇದೆ.

ನಾಯಿ ಜೊತೆಗಿರುವುದರಿಂದ ಎರಡು ಪರಿಣಾಮ ಆಗುತ್ತವೆ. ಪಾಯಿಂಟ್ ಸಿಕ್ಕಿದರೆ ಹುಂಜವೋ ಹೇಂಟೆಯೋ ನೋಡಲು ಸಮಯ ಸಿಗುತ್ತದೆ. ಗುಂಡು ತಗಲಿ ಹುಲ್ಲಿಗೆ ಬಿದ್ದ ಹಕ್ಕಿಯನ್ನು ನಾಯಿ ಹುಡುಕಿ ತರುತ್ತದೆ. ನಾಯಿ ಇಲ್ಲದಿದ್ದರೆ ಗಾಯಗೊಂಡ ಎಷ್ಟೋ ಹಕ್ಕಿ ಯಾರ ಲೆಕ್ಕಕ್ಕೂ ಬಾರದೆ ಸಾಯುತ್ತವೆ. ಇದು ಒಳ್ಳೆಯ ಪರಿಣಾಮ. ಇನ್ನೊಂದು ಅಷ್ಟು ಒಳ್ಳೆಯದಲ್ಲ. ಜಿಪಿಎಸ್ ಕಾಲರ್ ಹಾಕಿದ ಚುರುಕಾದ ನಾಯಿ ದೂರದ ಮೂಲೆಯಲ್ಲಿ ಉಳಿದ ಕೊನೆಯ ಹಿಂಡನ್ನೂ ಹುಡುಕುತ್ತದೆ. ಹಕ್ಕಿ ಕಡಿಮೆ ಇರುವ ವರ್ಷದಲ್ಲಿ ಈ ಸಾಮರ್ಥ್ಯವೇ ಅಪಾಯ.

ವಾಷಿಂಗ್ಟನ್‌ನ ಕಾಗದ, ಡಕೋಟಾದ ಹುಲ್ಲು

ಎಲ್ಲರೂ ಮಾತಾಡುತ್ತಿರುವ ಕಾರ್ಯಕ್ರಮದ ಹೆಸರು ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ. ಸಣ್ಣದಾಗಿ ಸಿಆರ್‌ಪಿ. 1985ರ ಫಾರ್ಮ್ ಬಿಲ್ ಎಂಬ ಕೃಷಿ ಕಾನೂನಿನಲ್ಲಿ ಇದು ಶುರುವಾಯಿತು. ಮಣ್ಣು ಕೊಚ್ಚಿಹೋಗುವ ಜಮೀನಿನಲ್ಲಿ ರೈತ ಬೆಳೆ ಬೆಳೆಯುವುದು ಬಿಟ್ಟು ಹುಲ್ಲು ಹಾಕುತ್ತಾನೆ. ಕೇಂದ್ರ ಸರ್ಕಾರ 10ರಿಂದ 15 ವರ್ಷ ಬಾಡಿಗೆ ಕೊಡುತ್ತದೆ. ಮುಖ್ಯ ಉದ್ದೇಶ ಮಣ್ಣು ಉಳಿಸುವುದು ಮತ್ತು ಧಾನ್ಯ ಅತಿಯಾಗದಂತೆ ತಡೆಯುವುದು.

ಆದರೆ ಆ ಹುಲ್ಲಿನಲ್ಲಿ ಹಕ್ಕಿ ಗೂಡು ಕಟ್ಟಿತು. ಫೆಸೆಂಟ್ ಹೇಂಟೆ ನೆಲದಲ್ಲಿ ಸುಮಾರು ಹನ್ನೆರಡು ಮೊಟ್ಟೆ ಇಟ್ಟು 23 ದಿನ ಕಾವು ಕೂರುತ್ತದೆ. ಆ ಅಷ್ಟೂ ದಿನ ಯಾರೂ ಹುಲ್ಲು ಕತ್ತರಿಸಬಾರದು, ಉಳಬಾರದು. ಮೆಕ್ಕೆಜೋಳದ ಹೊಲದಲ್ಲಿ ವಸಂತದಲ್ಲಿ ಮರೆಯೇ ಇರುವುದಿಲ್ಲ. ದನದ ಮೇವಿನ ಹೊಲದಲ್ಲಿ ಮರೆ ಇರುತ್ತದೆ, ಆದರೆ ಮೊಟ್ಟೆ ಒಡೆಯುವ ಮುಂಚೆಯೇ ಕಟಾವಿನ ಯಂತ್ರ ಬರುತ್ತದೆ. ಸುಮ್ಮನೆ ಬಿಟ್ಟ ಸಿಆರ್‌ಪಿ ಹುಲ್ಲು ಮಾತ್ರ ಈ ಎರಡೂ ಕಷ್ಟದಿಂದ ದೂರ.

2007ರಲ್ಲಿ ದೇಶದಲ್ಲಿ ಸಿಆರ್‌ಪಿ ಜಮೀನು 3.68 ಕೋಟಿ ಎಕರೆಗೆ ಮುಟ್ಟಿತು. ಅದೇ ಅತಿ ಹೆಚ್ಚು. ಅದೇ ವರ್ಷ ಸೌತ್ ಡಕೋಟಾದಲ್ಲಿ ಫೆಸೆಂಟ್ ಸಂಖ್ಯೆ ಒಂದು ಕೋಟಿ ದಾಟಿತ್ತು, ಬೇಟೆಗಾರರು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹುಂಜ ಹೊಡೆದರು. ಮತ್ತು ಅದೇ ವರ್ಷದ ಇಂಧನ ಕಾನೂನು ಎಥನಾಲ್ ಬಳಕೆಯನ್ನು ದೊಡ್ಡದಾಗಿ ಹೆಚ್ಚಿಸಿತು. ಎಥನಾಲ್ ಮಾಡುವುದು ಮೆಕ್ಕೆಜೋಳದಿಂದ. ಜೋಳದ ಬೆಲೆ ಏರುತ್ತಾ ಹೋಗಿ 2012ರಲ್ಲಿ ಬುಶೆಲ್‌ಗೆ (ಸುಮಾರು 25 ಕಿಲೋ) 7 ಡಾಲರ್ ದಾಟಿತು. ಸರ್ಕಾರದ ಬಾಡಿಗೆ ಅಷ್ಟು ಬೇಗ ಏರಲಿಲ್ಲ. ಒಪ್ಪಂದ ಮುಗಿದ ರೈತರು ಹುಲ್ಲನ್ನು ಉತ್ತು ಜೋಳ ಹಾಕಿದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಸಾಲ ತೀರಿಸಬೇಕಾದವರು ಯಾರೇ ಆದರೂ ಹಾಗೇ ಮಾಡುತ್ತಿದ್ದರು.

ಸಿಆರ್‌ಪಿಗೆ ಸೇರಬಹುದಾದ ಜಮೀನಿನ ಮಿತಿಯನ್ನು ಸಂಸತ್ತು ಕೂಡ ಇಳಿಸುತ್ತಾ ಬಂತು. 2008ರ ಬಿಲ್ 3.2 ಕೋಟಿ ಎಕರೆಗೆ, 2014ರ ಬಿಲ್ 2.4 ಕೋಟಿಗೆ ಇಳಿಸಿತು. 2018ರ ಬಿಲ್ ಅದನ್ನು 2.7 ಕೋಟಿಗೆ ಏರಿಸಿತು. ಆದರೆ ಸಾಮಾನ್ಯ ಒಪ್ಪಂದದ ಬಾಡಿಗೆಯನ್ನು ಸ್ಥಳೀಯ ದರದ ಶೇ 85ಕ್ಕೆ ಸೀಮಿತ ಮಾಡಿತು. ಜಾಗ ಹೆಚ್ಚು ಕೊಟ್ಟು ಹಣ ಕಡಿಮೆ ಮಾಡಿದರೆ ಬರುವವರು ಯಾರು?

ಇನ್ನೊಂದು ಸೂಕ್ಷ್ಮ ಇದೆ. ಈಗ ಲೆಕ್ಕದಲ್ಲಿರುವ ಎರಡೂವರೆ ಕೋಟಿ ಎಕರೆ ಆಸುಪಾಸಿನ ಜಮೀನಿನಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಭಾಗ ದನ ಮೇಯುವ ಹುಲ್ಲುಗಾವಲು. ಅದು ಕೂಡ ಬೇಕಾದದ್ದೇ, ಉಳುಮೆಯಿಂದ ಉಳಿಯುತ್ತದೆ. ಆದರೆ ಜೋಳದ ಹೊಲ ಹೊಸದಾಗಿ ಗೂಡಿನ ಹುಲ್ಲಾಗುವುದಕ್ಕೆ ಅದು ಸಮ ಅಲ್ಲ. ಎಕರೆ ಲೆಕ್ಕ ಹಾಗೇ ಇದೆ ಎಂಬ ಸುದ್ದಿ ಓದಿದಾಗ ಯಾವ ಬಗೆಯ ಎಕರೆ ಎಂದು ಕೇಳಲೇಬೇಕು.

2018ರ ಬಿಲ್ 2023ಕ್ಕೆ ಮುಗಿದಿತ್ತು. ಅಲ್ಲಿಂದ ಒಂದೊಂದೇ ವರ್ಷ ಎಳೆಯುತ್ತಿದ್ದಾರೆ. 2025ರ ಜುಲೈನ ದೊಡ್ಡ ಬಜೆಟ್ ಕಾನೂನಿನಲ್ಲಿ ಬೆಳೆ ಸಬ್ಸಿಡಿ ಮತ್ತು ಬೇರೆ ಕೆಲವು ಕೃಷಿ ಕಾರ್ಯಕ್ರಮಗಳಿಗೆ ಹಣ ಸಿಕ್ಕಿತು, ಸಿಆರ್‌ಪಿ ಹೊರಗೇ ಉಳಿಯಿತು. ಆಮೇಲಿನ ವಿಸ್ತರಣೆ 2026ರ ಸೆಪ್ಟೆಂಬರ್ 30ರವರೆಗೆ. ಹತ್ತು ವರ್ಷದ ಒಪ್ಪಂದ ಮಾಡಿಕೊಳ್ಳಬೇಕಾದ ರೈತನಿಗೆ ಒಂದು ವರ್ಷದ ಕಾನೂನು ತೋರಿಸಿದರೆ ಆತ ಹಿಂಜರಿಯುತ್ತಾನೆ. ಬೇಟೆಗಾರರ ಕಳವಳ ಇದೇ.

2013ರಲ್ಲಿ ಏನಾಯಿತು

ಹುಲ್ಲು ಹೋದರೆ ಹಕ್ಕಿ ಮರುದಿನವೇ ಕಾಣೆಯಾಗುವುದಿಲ್ಲ. ಒಳ್ಳೆಯ ಹವಾಮಾನ ಇದ್ದರೆ ಉಳಿದ ಹುಲ್ಲಿನಲ್ಲೇ ಮರಿಗಳು ಚೆನ್ನಾಗಿ ಬದುಕುತ್ತವೆ, ಎಣಿಕೆ ಒಂದೆರಡು ವರ್ಷ ಹಾಗೇ ನಿಲ್ಲುತ್ತದೆ. ಆಮೇಲೆ ಒಂದು ಕೆಟ್ಟ ವರ್ಷ ಬರುತ್ತದೆ. ಆಗ ಒಟ್ಟಿಗೇ ಕುಸಿಯುತ್ತದೆ.

2012ರಲ್ಲಿ ಭಾರಿ ಬರ ಬಂತು. ಮೇವಿಲ್ಲದ ರೈತರಿಗೆ ಸಿಆರ್‌ಪಿ ಹುಲ್ಲನ್ನೂ ಕತ್ತರಿಸಲು ಅನುಮತಿ ಸಿಕ್ಕಿತು. 2013ರ ವಸಂತ ತಣ್ಣಗೆ, ಒದ್ದೆಯಾಗಿತ್ತು. ಆ ಬೇಸಿಗೆ ಸೌತ್ ಡಕೋಟಾದ ರಸ್ತೆಬದಿ ಎಣಿಕೆ ಹಿಂದಿನ ವರ್ಷಕ್ಕಿಂತ ಶೇ 64 ಇಳಿದಿತ್ತು. ಬೇಟೆಯ ನಿಯಮ ಬದಲಾಗಿರಲಿಲ್ಲ, ಹೇಂಟೆಗಳನ್ನು ಯಾರೂ ಹೊಡೆದಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಆಗಿನ ಗವರ್ನರ್ ಡೆನ್ನಿಸ್ ಡೌಗಾರ್ಡ್ ಹ್ಯೂರಾನ್ ಊರಿನಲ್ಲಿ ಸಭೆ ಕರೆದರು. ಚರ್ಚೆಯ ವಿಷಯ ಹಕ್ಕಿಯ ನೆಲೆ.

ಈ ಎಣಿಕೆಗೂ ಒಂದು ಕಥೆ ಇದೆ. ರಾಜ್ಯಕ್ಕೆ ಫೆಸೆಂಟ್ ಬೇಟೆಯಿಂದ ವರ್ಷಕ್ಕೆ 20 ಕೋಟಿ ಡಾಲರ್‌ಗೂ ಹೆಚ್ಚು ವ್ಯವಹಾರ ಇದೆ ಎಂದು ಸರ್ಕಾರವೇ ಹೇಳುತ್ತಾ ಬಂದಿದೆ. ಎಣಿಕೆ ಇಳಿದ ವರ್ಷ ಹೊರರಾಜ್ಯದ ಬೇಟೆಗಾರರು ಬರುವುದು ಕಡಿಮೆಯಾಗುತ್ತದೆ. 2020ರಲ್ಲಿ ರಾಜ್ಯ ಆ ವಾರ್ಷಿಕ ಎಣಿಕೆಯನ್ನೇ ನಿಲ್ಲಿಸಿತು. ಹಕ್ಕಿ ಎಷ್ಟಿದ್ದರೂ ನಿಯಮ ಬದಲಾಗುವುದಿಲ್ಲ, ಹಾಗಾಗಿ ಎಣಿಕೆ ಅಗತ್ಯವಿಲ್ಲ ಎನ್ನುವುದು ಒಂದು ವಾದ. ಬೇಟೆಯ ನಿಯಮದ ಮಟ್ಟಿಗೆ ಅದು ಸರಿ ಇರಬಹುದು. ಆದರೆ ಹುಲ್ಲು ಹೋದಾಗ ಏನಾಗುತ್ತದೆ ಎಂದು ತೋರಿಸುವ ದಶಕಗಳ ದಾಖಲೆ ಅದು. ಅಂಥ ದಾಖಲೆಯ ಸಾಲನ್ನು ಕಡಿಯುವುದು ಸರಿಯಲ್ಲ.

ಹಾಗಾದರೆ ಅಯೋವಾ ಯಾಕೆ ಚೆನ್ನಾಗಿದೆ?

ಅಯೋವಾದಲ್ಲಿ ಪ್ರತಿ ಆಗಸ್ಟ್‌ನಲ್ಲಿ ಬೆಳಗಿನ ಜಾವ 30 ಮೈಲಿಯ ಎರಡು ನೂರಕ್ಕೂ ಹೆಚ್ಚು ದಾರಿಗಳಲ್ಲಿ ಹಕ್ಕಿ ಎಣಿಸುತ್ತಾರೆ. ಇಬ್ಬನಿಗೆ ನೆಂದ ಹೇಂಟೆ ಮರಿಗಳನ್ನು ಕರೆದುಕೊಂಡು ಮೈ ಒಣಗಿಸಲು ರಸ್ತೆಬದಿಗೆ ಬರುತ್ತದೆ, ಆಗ ಎಣಿಸುವುದು ಸುಲಭ. ಹಲವು ದಶಕಗಳ ಈ ದಾಖಲೆಯಿಂದ ಅಲ್ಲಿನ ಇಲಾಖೆ ಒಂದು ಸರಳ ಸೂತ್ರ ಕಂಡುಕೊಂಡಿದೆ. ಚಳಿಗಾಲದಲ್ಲಿ ಹಿಮ 31 ಇಂಚಿಗಿಂತ ಕಡಿಮೆ, ವಸಂತದಲ್ಲಿ ಮಳೆ 8 ಇಂಚಿಗಿಂತ ಕಡಿಮೆ ಇದ್ದರೆ ಹಕ್ಕಿ ಸಾಮಾನ್ಯವಾಗಿ ಹೆಚ್ಚುತ್ತದೆ. ಈಚಿನ ವರ್ಷಗಳಲ್ಲಿ ಹಿಮ ಕಡಿಮೆ ಬಿದ್ದ ಚಳಿಗಾಲಗಳು ಅಯೋವಾಗೆ ಒಲಿದವು.

ಇದರ ಹಿಂದಿನ ಕಾರಣ ಸ್ಪಷ್ಟ. ಹೊಸದಾಗಿ ಹುಟ್ಟಿದ ಮರಿಗೆ ಮೊದಲ ಕೆಲವು ವಾರ ತನ್ನ ಮೈ ಬಿಸಿ ತಾನೇ ಕಾಪಾಡಿಕೊಳ್ಳಲು ಆಗುವುದಿಲ್ಲ. ಜೂನ್‌ನಲ್ಲಿ ತಣ್ಣನೆ ಮಳೆ ಹಿಡಿದರೆ ತಾಯಿ ರೆಕ್ಕೆಯಡಿ ಇಟ್ಟುಕೊಂಡೇ ಕೂರಬೇಕು. ಆಗ ಮರಿಗಳಿಗೆ ಹುಳ ಹುಡುಕಲು ಸಮಯ ಸಿಗುವುದಿಲ್ಲ. ಆ ವಯಸ್ಸಿನಲ್ಲಿ ಅವುಗಳ ಊಟ ಬಹುತೇಕ ಹುಳಹುಪ್ಪಟೆ ಮಾತ್ರ.

ಟೆಕ್ಸಾಸ್‌ಗೆ ಹೋದರೆ ಲೆಕ್ಕ ತಿರುಗುಮುರುಗು. ಅಲ್ಲಿ ಒಣ ನೆಲ. ಮಳೆ ಬಂದರೆ ಹುಲ್ಲು, ಕಳೆಗಿಡ, ಹುಳ ಎಲ್ಲ ಬರುತ್ತವೆ, ಲಾವಕ್ಕಿ ಒಂದೇ ವರ್ಷದಲ್ಲಿ ಹಲವು ಪಟ್ಟು ಹೆಚ್ಚುತ್ತದೆ. ಬರ ಬಂದರೆ ಅಷ್ಟೇ ವೇಗವಾಗಿ ಕುಸಿಯುತ್ತದೆ. ಒಂದೇ ಮಳೆ ಒಂದು ರಾಜ್ಯದಲ್ಲಿ ಮರಿಗಳನ್ನು ಕೊಲ್ಲುತ್ತದೆ, ಇನ್ನೊಂದರಲ್ಲಿ ಮರಿಗಳನ್ನು ಬೆಳೆಸುತ್ತದೆ. ಎರಡು ರಾಜ್ಯದ ಸುದ್ದಿ ಒಂದೇ ವಾರದಲ್ಲಿ ಬಂದಾಗ ವಿರುದ್ಧವಾಗಿ ಕಾಣುವುದು ಇದರಿಂದಲೇ.

ಹಾಗಾಗಿ ಅಯೋವಾದ ಒಳ್ಳೆಯ ಎಣಿಕೆಯನ್ನು ಹುಲ್ಲಿನ ಸಮಸ್ಯೆ ಮುಗಿಯಿತು ಎಂದು ಓದಬಾರದು. ಎರಡು ಕೆಟ್ಟ ಚಳಿಗಾಲ ಸಾಲಾಗಿ ಬಂದರೆ ಎಷ್ಟು ಹುಲ್ಲು ಉಳಿದಿದೆ ಎಂಬುದೇ ಪ್ರಶ್ನೆ.

"ಬೇಟೆ ನಿಲ್ಲಿಸಿ" ಎನ್ನುವವರ ಮಾತು

ಈ ಮಾತನ್ನು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ.

ಬೇಟೆಗಾರರ ಕಡೆಯ ವಾದ ಹಳೆಯದು. ಬಾಬ್‌ವೈಟ್‌ನ ಬದುಕು ಚಿಕ್ಕದು. ಬೇಟೆ ಇರಲಿ ಬಿಡಲಿ, ನೂರರಲ್ಲಿ ಎಪ್ಪತ್ತೆಂಬತ್ತು ಹಕ್ಕಿ ಒಂದು ವರ್ಷದೊಳಗೆ ಸಾಯುತ್ತವೆ. ಗಿಡುಗ, ನರಿ, ಚಳಿ, ಹಸಿವು, ಒಂದಲ್ಲ ಒಂದು. ಶರತ್ಕಾಲದಲ್ಲಿ ಕೆಲವನ್ನು ಹೊಡೆದರೆ ಉಳಿದವಕ್ಕೆ ಮರೆ, ಮೇವು ಜಾಸ್ತಿ ಸಿಗುತ್ತದೆ, ಕೊನೆಗೆ ವಸಂತದ ಲೆಕ್ಕ ಅಷ್ಟೇ ಆಗುತ್ತದೆ. ಅಯೋವಾದ ವಿಜ್ಞಾನಿ ಪಾಲ್ ಎರಿಂಗ್ಟನ್ 1930ರ ದಶಕದಲ್ಲಿ ಮಾಡಿದ ಕೆಲಸದಿಂದ ಈ ಯೋಚನೆ ಬಲವಾಯಿತು.

ಇದು ಒಂದು ಮಟ್ಟಕ್ಕೆ ನಿಜ. ಆದರೆ ನಂತರದ ಅಧ್ಯಯನಗಳು ಎರಡು ಮಿತಿ ತೋರಿಸಿವೆ. ಮೊದಲನೆಯದು ಕಾಲ. ನವೆಂಬರ್‌ನಲ್ಲಿ ಹೊಡೆದ ಹಕ್ಕಿ ಹೇಗೂ ಸಾಯುತ್ತಿತ್ತು ಎನ್ನಬಹುದು. ಜನವರಿ ಕೊನೆಯವರೆಗೆ ಬದುಕುಳಿದ ಹಕ್ಕಿಗೆ ವಸಂತ ಹತ್ತಿರ. ಅದನ್ನು ಹೊಡೆದರೆ ಒಂದು ಗೂಡೇ ಹೋದಂತೆ. ಎರಡನೆಯದು ಜಾಗ. ಬಾಬ್‌ವೈಟ್ ಹೆಚ್ಚು ದೂರ ಹೋಗುವ ಹಕ್ಕಿಯಲ್ಲ. ಸುತ್ತ ಜೋಳವೇ ಇರುವ ಒಂದು ತುಂಡು ಹುಲ್ಲಿನಲ್ಲಿ ಉಳಿದ ಹಿಂಡನ್ನು ಖಾಲಿ ಮಾಡಿದರೆ, ಆ ಜಾಗ ತುಂಬಲು ಹೊರಗಿನಿಂದ ಯಾರೂ ಬರುವುದಿಲ್ಲ.

ಅನುಭವಿ ಬೇಟೆಗಾರರಿಗೆ ಇದು ಗೊತ್ತು. ಹಿಂಡಿನಲ್ಲಿ ಎಂಟು ಹತ್ತಕ್ಕಿಂತ ಕಡಿಮೆ ಉಳಿದರೆ ನಾಯಿಯನ್ನು ಕರೆದುಕೊಂಡು ಮುಂದೆ ಹೋಗುವವರಿದ್ದಾರೆ. ಸಂಜೆ ತಡವಾಗಿ ಹಿಂಡು ಚದುರಿಸುವುದಿಲ್ಲ, ಕತ್ತಲಾಗುವ ಮುಂಚೆ ಅವು ಮತ್ತೆ ಒಟ್ಟಾಗಲಿ ಎಂದು. ಗೂಡಿನ ಕಾಲದಲ್ಲಿ ನಾಯಿ ತರಬೇತಿಗೂ ತಡೆ ಇದೆ. ಮಿನ್ನೆಸೋಟಾದ ವನ್ಯಜೀವಿ ಜಮೀನುಗಳಲ್ಲಿ ಏಪ್ರಿಲ್ ಮಧ್ಯದಿಂದ ಜುಲೈ ಮಧ್ಯದವರೆಗೆ ಅದು ನಿಷಿದ್ಧ. ಆದರೆ ಹಿಂಡನ್ನು ಬಿಟ್ಟು ಮುಂದೆ ಹೋಗುವುದು ಕಾನೂನಲ್ಲ, ಪದ್ಧತಿ. ಎಲ್ಲರೂ ಪಾಲಿಸುತ್ತಾರೆ ಎನ್ನಲಾಗದು. ಲಾವಕ್ಕಿ ತೀರಾ ಕಡಿಮೆ ಇರುವ ಕಡೆ ಋತುವಿನ ಕೊನೆಯ ವಾರಗಳನ್ನು ಕತ್ತರಿಸುವುದು ಒಳ್ಳೆಯದು. ಬೇಟೆ ಸಂಘಗಳು ಇದನ್ನು ತಾವಾಗಿಯೇ ಕೇಳಿದರೆ ಹುಲ್ಲಿನ ಬಗ್ಗೆ ಅವರು ಹೇಳುವ ಮಾತಿಗೂ ತೂಕ ಬರುತ್ತದೆ.

ಆದರೆ ಬೇಟೆ ನಿಲ್ಲಿಸಿದರೆ ಮಾತ್ರ ಸಾಕೇ? ಪೆನ್ಸಿಲ್ವೇನಿಯಾದಲ್ಲಿ ಕಾಡು ಬಾಬ್‌ವೈಟ್ ಪೂರ್ತಿ ಇಲ್ಲವಾಯಿತು. ಅಲ್ಲಿ ಹಕ್ಕಿ ವಾಪಸ್ ತರುವ ಕೆಲಸ ಲೆಟರ್‌ಕೆನಿ ಸೇನಾ ಡಿಪೋದಲ್ಲಿ ಶುರುವಾದಾಗ ಮೊದಲು ಮಾಡಿದ್ದು ನೆಲ ಸಿದ್ಧ ಮಾಡುವುದು. ಮರ ಕಡಿದು, ಬೆಂಕಿ ಹಾಕಿ, ಹುಲ್ಲು ಮತ್ತು ಕಳೆಗಿಡ ಬೆಳೆಯಲು ಬಿಟ್ಟರು. ಆಮೇಲೆ 2024ರಲ್ಲಿ ಬೇರೆ ರಾಜ್ಯಗಳ ಕಾಡು ಹಕ್ಕಿಗಳನ್ನು ತಂದು ಬಿಟ್ಟರು.

ಬೆಂಕಿ ಎಂದರೆ ಆಶ್ಚರ್ಯ ಬೇಡ. ಲಾವಕ್ಕಿ ಮರಿ ಹೆಬ್ಬೆರಳಿನಷ್ಟು. ದಟ್ಟ ಹುಲ್ಲಿನಲ್ಲಿ ಅದಕ್ಕೆ ನಡೆಯಲು ಆಗುವುದಿಲ್ಲ. ಬುಡದಲ್ಲಿ ಬರಿ ನೆಲ, ಮೇಲೆ ಮರೆ ಬೇಕು. 1920ರ ದಶಕದಲ್ಲಿ ಜಾರ್ಜಿಯಾ-ಫ್ಲಾರಿಡಾ ಗಡಿಯಲ್ಲಿ ಹರ್ಬರ್ಟ್ ಸ್ಟಾಡರ್ಡ್ ಇದನ್ನು ಕಂಡುಕೊಂಡು, ಅರಣ್ಯಾಧಿಕಾರಿಗಳು ಬೆಂಕಿಯನ್ನು ವಿರೋಧಿಸುತ್ತಿದ್ದ ಕಾಲದಲ್ಲೇ ನಿಯಂತ್ರಿತ ಬೆಂಕಿ ಬೇಕು ಎಂದು ಹೇಳಿದರು. ಇವತ್ತಿಗೂ ಹಳೆಯ ಸಿಆರ್‌ಪಿ ಹೊಲ ದಟ್ಟವಾಗಿ ಹೆಣೆದುಕೊಂಡರೆ ಲಾವಕ್ಕಿಗೆ ಉಪಯೋಗವಿಲ್ಲ. ನಡುವೆ ಸುಡಬೇಕು, ಇಲ್ಲವೇ ಕೆದಕಬೇಕು.

ಬಾಲಕ್ಕೆ ಹತ್ತು ಡಾಲರ್

ಸೌತ್ ಡಕೋಟಾ 2019ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಗೂಡು ಹಾಳುಮಾಡುವ ರಕೂನ್, ಸ್ಕಂಕ್, ಒಪೋಸಮ್, ಬ್ಯಾಜರ್, ಕೆಂಪು ನರಿಗಳನ್ನು ಹಿಡಿದು ಬಾಲ ತಂದರೆ ಒಂದಕ್ಕೆ 10 ಡಾಲರ್. ಮೊದಲ ವರ್ಷವೇ 50 ಸಾವಿರಕ್ಕೂ ಹೆಚ್ಚು ಬಾಲ ಬಂದವು. ಇದರಿಂದ ಮಕ್ಕಳು ಹೊರಗಿನ ಬದುಕಿಗೆ ಹತ್ತಿರವಾಗುತ್ತಾರೆ, ಗೂಡು ಉಳಿಯುತ್ತದೆ ಎಂದು ಸರ್ಕಾರ ಹೇಳಿತು.

ವಿರೋಧಿಸಿದವರಲ್ಲಿ ವನ್ಯಜೀವಿ ತಜ್ಞರೂ ಇದ್ದರು. ರಾಜ್ಯ ತುಂಬ ದೊಡ್ಡದು, ಹಿಡಿಯುವುದು ಚದುರಿದ ಕೆಲಸ. ಒಂದು ಸಣ್ಣ ಜಾಗದಲ್ಲಿ ಗೂಡಿನ ಕಾಲದಲ್ಲಿ ಪ್ರತಿ ವರ್ಷ ಬಿಡದೆ ಮಾಡಿದರೆ ಪರಿಣಾಮ ಇರಬಹುದು. ಇಲ್ಲದಿದ್ದರೆ ಖಾಲಿಯಾದ ಜಾಗಕ್ಕೆ ಪಕ್ಕದ ರಕೂನ್ ಬರುತ್ತದೆ. ಹುಲ್ಲಿನ ಪಟ್ಟಿ ಕಿರಿದಾದಷ್ಟೂ ರಕೂನ್‌ಗೆ ಗೂಡು ಸಿಗುವುದು ಸುಲಭ. ಅಂದರೆ ಗೂಡು ಹಾಳಾಗುವುದಕ್ಕೂ ಮೂಲ ಹುಲ್ಲು ಕಡಿಮೆಯಾದದ್ದೇ. ತಜ್ಞರ ಈ ವಾದವೇ ಹೆಚ್ಚು ಗಟ್ಟಿ ಎನಿಸುತ್ತದೆ.

ಸಾಕಿದ ಹಕ್ಕಿ ಬಿಡುವುದು ಇನ್ನೂ ದುರ್ಬಲ ಪರಿಹಾರ. ಪೆನ್ಸಿಲ್ವೇನಿಯಾ ವರ್ಷಕ್ಕೆ ಎರಡು ಲಕ್ಷದಷ್ಟು ಸಾಕಿದ ಫೆಸೆಂಟ್ ಬಿಡುತ್ತದೆ. ಅವು ಬೇಟೆಗಾಗಿಯೇ. ಬಹುಪಾಲು ಕೆಲವೇ ವಾರಗಳಲ್ಲಿ ಸಾಯುತ್ತವೆ, ಕಾಡಿನಲ್ಲಿ ಸಂತತಿ ಬೆಳೆಯುವುದಿಲ್ಲ. ಹಕ್ಕಿ ಹೆಚ್ಚಾಯಿತು ಎಂಬ ಸುದ್ದಿಯಲ್ಲಿ ಕಾಡು ಹಕ್ಕಿಯೋ ಸಾಕಿದ್ದೋ ಎಂದು ನೋಡುವುದು ಒಳ್ಳೆಯದು.

ಹಣ ಎಲ್ಲಿಂದ, ಮುಂದೇನು

1937ರ ಪಿಟ್‌ಮನ್-ರಾಬರ್ಟ್‌ಸನ್ ಕಾನೂನಿನಂತೆ ಬೇಟೆಯ ಬಂದೂಕು, ಗುಂಡುಗಳ ಮೇಲೆ ಶೇ 11 ತೆರಿಗೆ ಇದೆ. ಆ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಲೈಸನ್ಸ್ ಶುಲ್ಕವೂ ಅಲ್ಲಿಗೇ. 1982ರಲ್ಲಿ ಮಿನ್ನೆಸೋಟಾದಲ್ಲಿ ಹುಟ್ಟಿದ ಫೆಸೆಂಟ್ಸ್ ಫಾರೆವರ್, ಅದರಿಂದ 2005ರಲ್ಲಿ ಬಂದ ಕ್ವೇಲ್ ಫಾರೆವರ್ ಸಂಸ್ಥೆಗಳು ಜಮೀನು ಕೊಳ್ಳುತ್ತವೆ, ರೈತರಿಗೆ ಸಲಹೆಗಾರರನ್ನು ಕೊಡುತ್ತವೆ. ಆದರೆ ಇದೆಲ್ಲ ಸೇರಿದರೂ ಸಿಆರ್‌ಪಿಯ ಎಕರೆಗಳಿಗೆ ಸಮವಾಗುವುದಿಲ್ಲ. ಈ ನಾಡಿನ ಬಹುತೇಕ ಜಮೀನು ಖಾಸಗಿಯವರದು. ಹಕ್ಕಿಯ ಭವಿಷ್ಯ ಕೃಷಿ ಕಾನೂನಿನ ಕೈಯಲ್ಲೇ ಇದೆ.

ಸಂಸತ್ತು 2026ರಲ್ಲೂ ಸುಮ್ನೆ ಒಂದು ವರ್ಷ ಮುಂದಕ್ಕೆ ತಳ್ಳಿದರೆ ಆ ಶರತ್ಕಾಲದ ಬೇಟೆಯಲ್ಲಿ ಏನೂ ವ್ಯತ್ಯಾಸ ಕಾಣಿಸುವುದಿಲ್ಲ. ಹವಾಮಾನ ಚೆನ್ನಾಗಿದ್ದರೆ ಎಣಿಕೆ ಏರಲೂಬಹುದು. ಪರಿಣಾಮ ಕಾಣುವುದು ಒಪ್ಪಂದ ಮುಗಿದ ಹೊಲಗಳನ್ನು ರೈತರು ಉತ್ತ ಮೇಲೆ, ಮೊದಲ ದೊಡ್ಡ ಹಿಮ ಅಥವಾ ಮೊದಲ ಬರ ಬಂದಾಗ. ಅಷ್ಟರಲ್ಲಿ ಜೋಳದ ಬೆಲೆ ಇಳಿದಿದ್ದರೆ ರೈತರು ತಾವಾಗಿಯೇ ಹುಲ್ಲಿನ ಕಡೆ ಬರಬಹುದು. ಆದರೆ ಅವರು ಬಂದಾಗ ಸಹಿ ಹಾಕಲು ಜಾರಿಯಲ್ಲಿರುವ ಕಾರ್ಯಕ್ರಮವೊಂದು ಇರಬೇಕು. ಬಿತ್ತಿದ ಮೇಲೂ ಗೂಡಿಗೆ ಬೇಕಾದಷ್ಟು ಮರೆ ಕೊಡುವಂತೆ ಹುಲ್ಲು ನೆಲ ಹಿಡಿಯಲು ಎರಡು ಮೂರು ವರ್ಷ ಬೇಕು.